ಹದಿನೆಂಟು ಸಾಲು, ಒಂದು ಸೀಟು: ಬೆಂಗಳೂರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಿಸುವ ಬಗೆ

ಹೋದ ವರ್ಷ ಜೂನ್‌ನ ಒಂದು ಭಾನುವಾರ ಅಕ್ಕ, ಭಾವ, ಅವರ ಮಗಳು ಮೂರೂ ಜನ ತಿಪಟೂರಿನಿಂದ ರೈಲು ಹತ್ತಿ ಹನುಮಂತನಗರದ ನಮ್ಮ ಮನೆಗೆ ಬಂದರು. ಒಂದು ಚೀಲದಲ್ಲಿ ತೆಂಗಿನಕಾಯಿ. ಇನ್ನೊಂದು ಚೀಲದ ತುಂಬ ಕಾಲೇಜುಗಳ ಬಣ್ಣಬಣ್ಣದ ಪುಸ್ತಕಗಳು, ಯಾವುದೋ ಶಿಕ್ಷಣ ಮೇಳದಲ್ಲಿ ಹಂಚಿದ್ದಂತೆ. ಕಾಫಿ ಕುಡಿದು ಮುಗಿಯುವ ಮೊದಲೇ ಹುಡುಗಿ ಒಂದು ಹಾಳೆ ಬಿಡಿಸಿದಳು. ನಲವತ್ತಮೂರು ಕಾಲೇಜುಗಳ ಹೆಸರು ಬರೆದುಕೊಂಡಿದ್ದಳು. "ಮಾಮ, ಇದರಲ್ಲಿ ಯಾವುದು ಬೆಸ್ಟು?"

ನಾನು ಈ ಊರಲ್ಲೇ ಇಂಜಿನಿಯರಿಂಗ್ ಓದಿದವನು. ಹದಿನೆಂಟು ವರ್ಷದಿಂದ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದೇನೆ, ಹೊಸ ಹುಡುಗರ ಇಂಟರ್‌ವ್ಯೂ ಮಾಡುತ್ತೇನೆ. ಆದರೂ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ. ಕಾಲೇಜನ್ನು ಕಾಲೇಜಿನ ಪಕ್ಕ ಇಟ್ಟು ನೋಡಿದರೆ ತಲೆ ಕೆಡುತ್ತದೆ ಅಷ್ಟೆ. ಹೋಲಿಸಬೇಕಾದ್ದು ಸಾಲುಗಳನ್ನು.

ಸಾಲು ಅಂದರೆ ಏನು ಅಂತ ತೋರಿಸಲು ಒಂದು ಉದ್ದ ನೋಟ್‌ಬುಕ್ ತೆಗೆದು ಅಡ್ಡಕ್ಕೆ ಐದು ಕಾಲಂ ಎಳೆದೆ. ಕಾಲೇಜು, ಬ್ರಾಂಚು, ಯಾವ ಬಾಗಿಲಿನಿಂದ ಒಳಗೆ ಹೋಗುವುದು, ನಾಲ್ಕು ವರ್ಷದ ಒಟ್ಟು ಖರ್ಚು, ಹೋಗಿಬರಲು ದಿನಕ್ಕೆ ಎಷ್ಟು ಹೊತ್ತು. ಈ ಐದೂ ಸೇರಿದರೆ ಒಂದು ಸಾಲು. ಅದೇ ಕಾಲೇಜು, ಅದೇ ಬ್ರಾಂಚು, ಬಾಗಿಲು ಬೇರೆಯಾದರೆ ಅದು ಬೇರೆ ಸಾಲು. ಹೀಗೆ ಬರೆಯಲು ಕೂತರೆ ಅರ್ಧ ಹೆಸರುಗಳು ತಾವಾಗೇ ಉದುರುತ್ತವೆ.

ಬಾಗಿಲು ಯಾವುದು

ಬೆಂಗಳೂರಿನ ಒಂದು ಸಾಮಾನ್ಯ ಖಾಸಗಿ ಕಾಲೇಜನ್ನು ತೆಗೆದುಕೊಳ್ಳಿ. ಅಲ್ಪಸಂಖ್ಯಾತ ಸಂಸ್ಥೆಯಲ್ಲದಿದ್ದರೆ ನೂರಕ್ಕೆ 45 ಸೀಟು ಸರ್ಕಾರದ ಪಾಲು, ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ರ‍್ಯಾಂಕ್ ಮೇಲೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಹಂಚುತ್ತದೆ. 30 ಕಾಮೆಡ್‌ಕೆ ಪಾಲು, ಅದು ತನ್ನದೇ ಪರೀಕ್ಷೆ ನಡೆಸುವ ಖಾಸಗಿ ಕಾಲೇಜುಗಳ ಒಕ್ಕೂಟ. ಉಳಿದ 25 ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ. ಪಿಇಎಸ್ ತರಹದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸರ್ಕಾರದ ಪಾಲು 40. ಕ್ಲಾಸ್ ಒಂದೇ, ಮೇಷ್ಟ್ರು ಒಬ್ಬರೇ, ಬೆಂಚೂ ಒಂದೇ. ಕಟ್ಟುವ ದುಡ್ಡು ಮಾತ್ರ ಬೇರೆ ಬೇರೆ.

ಎಷ್ಟು ಬೇರೆ ಅಂದರೆ, ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ ವರ್ಷಕ್ಕೆ 1 ಲಕ್ಷದ ಆಸುಪಾಸು. ಕಾಮೆಡ್‌ಕೆ ಸೀಟಿಗೆ 2ರಿಂದ 3 ಲಕ್ಷದ ನಡುವೆ. ವರ್ಷಕ್ಕೆ ಒಂದೂವರೆ ಲಕ್ಷ ವ್ಯತ್ಯಾಸ ಅಂದುಕೊಂಡರೂ ನಾಲ್ಕು ವರ್ಷಕ್ಕೆ 6 ಲಕ್ಷ. ಭಾವನದು ತೆಂಗಿನ ತೋಟ. ಅವರು ಎಲ್ಲವನ್ನೂ ಕೊಬ್ಬರಿ ಕ್ವಿಂಟಾಲ್‌ನಲ್ಲೇ ಅಳೆಯುವುದು. ನೋಟ್‌ಬುಕ್ಕಿನ ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿ, ಮರುಮಾತಾಡದೆ ಆಕಡೆ ತಿರುಗಿ ಕೂತರು. ಕಾಮೆಡ್‌ಕೆ ಸಾಲುಗಳ ಕಥೆ ಅಲ್ಲಿಗೆ ಮುಗಿಯಿತು. ಎರಡು ಮಾತ್ರ ಉಳಿಸಿಕೊಂಡೆವು, ಸಿಇಟಿಯಲ್ಲಿ ಏನೂ ಆಗದಿದ್ದರೆ ಇರಲಿ ಅಂತ.

ಇದು ಎಲ್ಲರ ಮನೆಯ ಲೆಕ್ಕ ಅಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಕಾಮೆಡ್‌ಕೆ ಮೂಲಕ ಒಳ್ಳೇ ಕಾಲೇಜು ಸಿಗುವುದಾದರೆ ಅದು ತಪ್ಪಲ್ಲ. ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಹಿಡಿಯುವುದಕ್ಕೆ ಮಾತ್ರ ನಾನು ಯಾರಿಗೂ ಹೂಂ ಅನ್ನುವುದಿಲ್ಲ. ಇಂಟರ್‌ವ್ಯೂನಲ್ಲಿ ಎದುರು ಕೂತ ಹುಡುಗ ಯಾವ ಕೋಟಾದಲ್ಲಿ ಬಂದ ಅಂತ ನಾವು ಕೇಳುವುದೇ ಇಲ್ಲ.

ಕೆಲವು ಬಾಗಿಲು ಜೆಇಇ ಬರೆದವರಿಗೆ ಮಾತ್ರ. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಗೆ ಜೆಇಇ ಮೇನ್, ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಗಣಿತ ಮತ್ತು ಕಂಪ್ಯೂಟಿಂಗ್ ಬಿಟೆಕ್‌ಗೆ ಜೆಇಇ ಅಡ್ವಾನ್ಸ್‌ಡ್. ಆ ರ‍್ಯಾಂಕ್ ಇರುವ ಮಕ್ಕಳಿಗೆ ಈ ಬರಹ ಬೇಕಾಗಿಲ್ಲ.

ಬಾಗಿಲ ವಿಷಯದಲ್ಲೇ ಇನ್ನೆರಡು ಮಾತು. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಅಂತ ಒಂದಿದೆ. ಪ್ರತಿ ಬ್ರಾಂಚಿನಲ್ಲೂ ನೂರಕ್ಕೆ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಇಲ್ಲ, ಉಳಿದ ಶುಲ್ಕ ಕಟ್ಟಬೇಕು. ಎಷ್ಟೋ ಜನಕ್ಕೆ ಇದು ಗೊತ್ತಾಗುವುದು ಸೇರಿದ ಮೇಲೆ, ಪಕ್ಕದ ಬೆಂಚಿನವನ ಫೀಸ್ ರಸೀದಿ ನೋಡಿದಾಗ. ಇನ್ನೊಂದು ಅನುದಾನಿತ ಸೀಟು. ಬಿಎಂಎಸ್, ಡಾ. ಎಐಟಿಯಂಥ ಹಳೇ ಕಾಲೇಜುಗಳಲ್ಲಿ ಕೆಲವು ಬ್ರಾಂಚುಗಳಿಗೆ ಸರ್ಕಾರದ ಅನುದಾನ ಇದೆ. ಅಂಥ ಸೀಟಿನ ಫೀಸು ಪಕ್ಕದ ಕೋಣೆಯಲ್ಲಿ ನಡೆಯುವ ಅನುದಾನವಿಲ್ಲದ ಬ್ರಾಂಚಿಗಿಂತ ತುಂಬ ಕಡಿಮೆ. ಪಟ್ಟಿಯಲ್ಲಿ ಒಂದೇ ಕಾಲೇಜಿನ ಹೆಸರು ಎರಡು ಫೀಸಿನ ಜೊತೆ ಕಂಡರೆ ಪ್ರಿಂಟಿಂಗ್ ತಪ್ಪು ಅಂದುಕೊಳ್ಳಬೇಡಿ.

ಕಟ್‌ಆಫ್ ಓದುವುದು ಒಂದು ಕಲೆ

ನಮ್ಮ ಹುಡುಗಿಯದು ನಾಲ್ಕಂಕಿಯ ರ‍್ಯಾಂಕ್. ಮೊದಲ ಅಂಕಿ ಮಾತ್ರ ಸ್ವಲ್ಪ ದಪ್ಪ. ಸಿಇಟಿಯ 180 ಅಂಕಗಳಲ್ಲಿ ಚೆನ್ನಾಗೇ ಮಾಡಿದ್ದಳು. ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕಗಳಿಗೂ ಅರ್ಧ ತೂಕ ಇರುವುದರಿಂದ ಅದು ಅವಳನ್ನು ಇನ್ನಷ್ಟು ಮೇಲಕ್ಕೆ ಎತ್ತಿತ್ತು. ಆದರೆ ಮುಖ ಸಪ್ಪಗಿತ್ತು. ಆರ್‌ವಿ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಜಿಎಂನಲ್ಲಿ, ಅಂದರೆ ಮೀಸಲಾತಿ ಇಲ್ಲದ ಜನರಲ್ ಮೆರಿಟ್‌ನಲ್ಲಿ, ಮೂರಂಕಿಯಲ್ಲೇ ಮುಗಿದುಹೋಗುತ್ತದೆ. ಅದನ್ನು ನೋಡಿ ತನಗೆ ಎಲ್ಲೂ ಸೀಟಿಲ್ಲ ಅಂದುಕೊಂಡಿದ್ದಳು.

ಕೆಇಎ ಪ್ರತಿ ಸುತ್ತು ಮುಗಿದ ಮೇಲೂ ಕಟ್‌ಆಫ್ ಪಟ್ಟಿ ಹಾಕುತ್ತದೆ, ಯಾವ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಅಂತ. ಉದ್ದಕ್ಕೆ ಬ್ರಾಂಚುಗಳು, ಅಡ್ಡಕ್ಕೆ ವರ್ಗಗಳು. ಇವಳು ಜಿಎಂ ಕಾಲಂ ಒಂದನ್ನೇ ನೋಡುತ್ತಿದ್ದಳು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಓದಿದ್ದು ಹಳ್ಳಿಯ ಶಾಲೆಯಲ್ಲಿ, ಅದೂ ಕನ್ನಡ ಮಾಧ್ಯಮದಲ್ಲಿ. ವರ್ಗದ ಹೆಸರಿನ ಕೊನೆಗೆ 'ಆರ್' ಇದ್ದರೆ ಗ್ರಾಮೀಣ, 'ಕೆ' ಇದ್ದರೆ ಕನ್ನಡ ಮಾಧ್ಯಮ. ಬೆರಳಿಟ್ಟು ಎರಡು ಕಾಲಂ ಬಲಕ್ಕೆ ಸರಿಸಿದೆ. ಅಲ್ಲಿನ ಅಂಕಿ ಬೇರೆಯೇ ಇತ್ತು. "ಓ, ಇದು ನಂದಾ?" ಅಂದಳು. ಸರ್ಟಿಫಿಕೇಟು ಇದ್ದರೆ ಸಾಲದು, ಸಿಇಟಿ ಅರ್ಜಿ ತುಂಬುವಾಗಲೇ ಈ ಮೀಸಲಾತಿ ಕೇಳಿಕೊಂಡಿರಬೇಕು. ಪುಣ್ಯಕ್ಕೆ ಅವಳ ಪಿಯು ಕಾಲೇಜಿನ ಮೇಷ್ಟ್ರು ಕೂರಿಸಿಕೊಂಡು ತುಂಬಿಸಿದ್ದರು.

ನಾನು ಅನುಸರಿಸಿದ ಅಳತೆ ಸುಲಭದ್ದು. ಹಿಂದಿನ ಎರಡು ವರ್ಷದ ಕೊನೇ ಸುತ್ತಿನ ಕಟ್‌ಆಫ್ ನೋಡುವುದು. ನಮ್ಮ ರ‍್ಯಾಂಕಿನ ಅರ್ಧದಷ್ಟರಲ್ಲಿ ಮುಗಿದ ಸಾಲುಗಳವರೆಗೂ ಮೇಲೆ ಬರೆದುಕೊಳ್ಳುವುದು, ದುಪ್ಪಟ್ಟಿನವರೆಗೂ ಕೆಳಗೆ ಬರೆದುಕೊಳ್ಳುವುದು. ಅದರಾಚೆ ಇರುವುದಕ್ಕೆ ಸಮಯ ಹಾಳು ಮಾಡಬಾರದು. ಒಂದೇ ವರ್ಷದ ಪಟ್ಟಿ ನಂಬಿದರೆ ಮೋಸ ಹೋಗುತ್ತೀರಿ. 2024-25ರಿಂದ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮಿತಿ ತೆಗೆದ ಮೇಲೆ ಕಂಪ್ಯೂಟರ್ ಸೀಟುಗಳು ಕೆಲವು ಕಡೆ ಒಮ್ಮೆಲೇ ಜಾಸ್ತಿಯಾದವು. ಸೀಟು ಜಾಸ್ತಿಯಾದರೆ ಕಟ್‌ಆಫ್ ಜಾರುತ್ತದೆ. ಹಾಗೆ ಜಾರಿ ಬಂದ ಸೀಟು ನಿಮಗೆ ಸಿಕ್ಕರೆ ಖುಷಿಪಡಿ. ಜೊತೆಗೆ, ಅಷ್ಟು ಸೆಕ್ಷನ್‌ಗೆ ಪಾಠ ಮಾಡುವವರು ಎಲ್ಲಿಂದ ಬಂದರು ಅಂತಲೂ ಕೇಳಿ.

ನಲವತ್ತಮೂರು ಹೆಸರು ಆ ಸಂಜೆಗೆ ಹದಿನೆಂಟು ಸಾಲಾಗಿ ಇಳಿಯಿತು.

ಮೂರು ಬಗೆಯ ಕಾಲೇಜುಗಳು

ಆ ಹದಿನೆಂಟರಲ್ಲಿ ಮೂರು ಜಾತಿ ಇದ್ದವು.

ಒಂದು ಯುವಿಸಿಇ. ಕೆ.ಆರ್. ಸರ್ಕಲ್‌ನಲ್ಲಿ ಸರ್ ಎಂ.ವಿ. 1917ರಲ್ಲಿ ಕಟ್ಟಿಸಿದ ಸರ್ಕಾರಿ ಕಾಲೇಜು. ಬಹಳ ಕಾಲ ಬೆಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. ಐಐಟಿ ಮಾದರಿಯಲ್ಲಿ ಸ್ವಾಯತ್ತ ಮಾಡಬೇಕು ಅಂತ 2021ರಲ್ಲಿ ಅದಕ್ಕಾಗೇ ಒಂದು ಕಾಯ್ದೆ ಬಂತು. ಫೀಸು ಖಾಸಗಿಯ ಸಿಇಟಿ ಸೀಟಿನ ಅರ್ಧದ ಆಸುಪಾಸು. ಮ್ಯಾನೇಜ್‌ಮೆಂಟ್ ಸೀಟಿನ ಗಲಾಟೆ ಇಲ್ಲ, ಬಂದವರೆಲ್ಲ ರ‍್ಯಾಂಕ್ ಮೇಲೆ ಬಂದವರು. ನನಗೆ ಇದು ದೊಡ್ಡ ಮಾತು. ನಾಲ್ಕು ವರ್ಷ ಅಕ್ಕಪಕ್ಕ ಕೂರುವವರಿಂದ ಕಲಿಯುವುದು ಮೇಷ್ಟ್ರಿಂದ ಕಲಿಯುವುದಕ್ಕಿಂತ ಕಡಿಮೆಯೇನಲ್ಲ. ಹಳೇ ವಿದ್ಯಾರ್ಥಿಗಳು ಊರ ತುಂಬ ಇದ್ದಾರೆ. ಆದರೆ ಗಾಜಿನ ಗೋಡೆಯ ಸೆಮಿನಾರ್ ಹಾಲ್, ಕಾಫಿ ಡೇ ತರಹದ ಕ್ಯಾಂಟೀನ್ ಬೇಕು ಅನ್ನುವ ಮಕ್ಕಳಿಗೆ ಮೊದಲ ದಿನ ಪೆಚ್ಚಾಗಬಹುದು.

ಎರಡನೆಯದು ಹಳೇ ಖಾಸಗಿ ಕಾಲೇಜುಗಳು. 1946ರ ಬಿಎಂಎಸ್‌ಗೆ ದೇಶದ ಮೊದಲ ಖಾಸಗಿ ಇಂಜಿನಿಯರಿಂಗ್ ಕಾಲೇಜು ಎಂದೇ ಹೆಸರು. ಮತ್ತಿಕೆರೆ ಕಡೆಯ ರಾಮಯ್ಯ 1962ರದು, ಮೈಸೂರು ರಸ್ತೆಯ ಆರ್‌ವಿ 1963ರದು. ವಿ.ವಿ. ಪುರದ ಬಿಐಟಿ ಇವುಗಳ ತಮ್ಮ ಇದ್ದಂತೆ, 1979ರದು. ಇವೆಲ್ಲ ಡಿಗ್ರಿ ಕೊಡುವುದು ವಿಟಿಯು, ಅಂದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರಿನಲ್ಲೇ. ಆದರೆ ಸ್ವಾಯತ್ತ ಕಾಲೇಜಾದರೆ ಸಿಲಬಸ್ಸು, ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಎಲ್ಲ ಅಲ್ಲೇ. ಸ್ವಾಯತ್ತ ಅಲ್ಲದ ಕಾಲೇಜಿನಲ್ಲಿ ಪರೀಕ್ಷೆ ಬೆಳಗಾವಿಯಿಂದ ಬರುತ್ತದೆ. ಪಾಠ ಮಾಡಿದ ಮೇಷ್ಟ್ರೇ ಪ್ರಶ್ನೆ ತೆಗೆಯುವುದಕ್ಕೂ, ಎಲ್ಲೋ ಯಾರೋ ತೆಗೆಯುವುದಕ್ಕೂ ಓದುವ ರೀತಿಯೇ ಬದಲಾಗುತ್ತದೆ. ಸ್ವಾಯತ್ತದಲ್ಲಿ ಹೊಸ ವಿಷಯ ಬೇಗ ಬರುತ್ತದೆ. ಜೊತೆಗೆ ತಿಂಗಳಿಗೊಂದು ಟೆಸ್ಟು, ಕ್ವಿಜ್ಜು, ಪ್ರಾಜೆಕ್ಟು ಅಂತ ಉಸಿರಾಡಲು ಬಿಡುವುದಿಲ್ಲ. ಕೊನೇ ತಿಂಗಳು ಕೂತು ಓದುವ ಅಭ್ಯಾಸದವರು ಯೋಚಿಸಿ.

ಮೂರನೆಯದು ತಮ್ಮದೇ ಡಿಗ್ರಿ ಕೊಡುವ ಖಾಸಗಿ ವಿಶ್ವವಿದ್ಯಾಲಯಗಳು. ಇದರಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಪಿಇಎಸ್ ಶುರುವಾದದ್ದು 1972ರಲ್ಲಿ, 2013ರಲ್ಲಿ ವಿಶ್ವವಿದ್ಯಾಲಯ ಆಯಿತು. ಹಿಂದೆ ದಶಕಗಳ ಕಾಲೇಜು ಇದೆ. ನಿನ್ನೆ ಮೊನ್ನೆ ಎದ್ದ ಕ್ಯಾಂಪಸ್ ಬೇರೆ ಮಾತು. ವಿಶ್ವವಿದ್ಯಾಲಯ ಅನ್ನುವ ಬೋರ್ಡು ನೋಡಿ ದೊಡ್ಡದು ಅಂದುಕೊಳ್ಳುವುದು ನಮ್ಮೂರ ಕಡೆ ಇನ್ನೂ ಇದೆ. ಮೂರು ಬ್ಯಾಚ್ ಆದರೂ ಹೊರಗೆ ಬಿದ್ದಿದೆಯಾ ನೋಡಿ. ಇಲ್ಲದಿದ್ದರೆ ನಿಮ್ಮ ಮಗುವೇ ಪ್ರಯೋಗ.

ಗುಣಮಟ್ಟ ಅಳೆಯುವ ಎರಡು ಸಂಸ್ಥೆಗಳಿವೆ. ನ್ಯಾಕ್ ಗ್ರೇಡು ಕಾಲೇಜಿಗೆ ಕೊಡುವುದು, ಎನ್‌ಬಿಎ ಮಾನ್ಯತೆ ಬ್ರಾಂಚಿಗೆ ಕೊಡುವುದು. ಗೇಟಿನ ಮೇಲೆ ಎನ್‌ಬಿಎ ಅಂತ ದೊಡ್ಡದಾಗಿ ಬರೆದಿರುತ್ತದೆ, ನಿಮಗೆ ಬೇಕಾದ ಬ್ರಾಂಚಿಗೆ ಇರುವುದೇ ಇಲ್ಲ. ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ, ಎರಡೂ ನೋಡಿ.

ಬ್ರಾಂಚಾ, ಕಾಲೇಜಾ?

ಎಲ್ಲರ ಮನೆಯಲ್ಲೂ ಜಗಳ ಬರುವುದು ಇಲ್ಲೇ. ನಮ್ಮ ಮನೆಯಲ್ಲೂ ಬಂತು.

ಹದಿನೆಂಟು ಸಾಲನ್ನು ಸೋಸಿದಾಗ ಮುಂದೆ ನಿಂತ ಪ್ರಶ್ನೆ ಇದು: ಯುವಿಸಿಇ ಅಥವಾ ಬಿಎಂಎಸ್‌ನಲ್ಲಿ ಎಲೆಕ್ಟ್ರಾನಿಕ್ಸೋ ಎಲೆಕ್ಟ್ರಿಕಲ್ಲೋ ಓದುವುದಾ, ಅಥವಾ ಇನ್ನೊಂದು ಮೆಟ್ಟಿಲು ಕೆಳಗಿನ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸಾ? ಅಕ್ಕನಿಗೆ ಕಂಪ್ಯೂಟರ್ರೇ ಬೇಕು. "ಪಕ್ಕದ ಮನೆ ಹುಡುಗ ಕಂಪ್ಯೂಟರ್ ಓದಿ ಅಮೆರಿಕಕ್ಕೆ ಹೋದ. ಕರೆಂಟ್ ಓದಿ ಇವಳು ಲೈನ್‌ಮನ್ ಆಗಬೇಕಾ?" ಹುಡುಗಿ ಸುಮ್ಮನಿದ್ದಳು.

ಭಾವ ಆಗ ಒಂದು ಮಾತು ಹೇಳಿದರು. ತೋಟದಲ್ಲಿ ಪಂಪಿನ ಸ್ಟಾರ್ಟರ್ ಕೆಟ್ಟರೆ ಇವಳೇ ಡಬ್ಬಿ ಬಿಚ್ಚುವುದಂತೆ. ಕಳೆದ ಬೇಸಿಗೆಯಲ್ಲಿ ರಿಲೇ ಟ್ರಿಪ್ ಆಗುತ್ತಿತ್ತು. ಮೂರು ಫೇಸ್‌ನಲ್ಲಿ ಒಂದು ಬರುತ್ತಿಲ್ಲ ಅಂತ ಟೆಸ್ಟರ್ ಹಿಡಿದು ಕಂಡುಹಿಡಿದು, ಎಲೆಕ್ಟ್ರಿಷಿಯನ್ ಬರುವ ಮೊದಲೇ ಫೋನಿನಲ್ಲಿ ಹೇಳಿದ್ದಳಂತೆ. ಇದನ್ನು ಇಷ್ಟು ದಿನ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆದರೂ ಅಷ್ಟಕ್ಕೇ ತೀರ್ಮಾನ ಮಾಡಬಾರದು ಅಲ್ವಾ. ಎನ್‌ಪಿಟಿಇಎಲ್‌ನಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತದೆ. ಎರಡು ಸಂಜೆ ಕೂರಿಸಿದೆ. ಒಂದು ಸಂಜೆ ಡೇಟಾ ಸ್ಟ್ರಕ್ಚರ್ಸ್, ಒಂದು ಸಂಜೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್. ಅರ್ಥ ಆಗಲಿ ಅಂತ ಅಲ್ಲ. ಅರ್ಥ ಆಗದಾಗ ಯಾವುದನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತಾಳೆ, ಯಾವುದನ್ನು ಮುಂದಕ್ಕೆ ಓಡಿಸುತ್ತಾಳೆ ಅಂತ ನೋಡಲು. ಎರಡನ್ನೂ ನೋಡಿದಳು. ಎರಡನೆಯದರಲ್ಲಿ ನೋಟ್ಸ್ ಬರೆದುಕೊಂಡಳು. ಸಾಕಾಯಿತು.

ನನ್ನ ಅಭಿಪ್ರಾಯ ಹೀಗಿದೆ. ಮಗುವಿಗೆ ಒಂದು ಕಡೆ ನಿಜವಾದ ಎಳೆತ ಇದ್ದರೆ ಬ್ರಾಂಚ್ ಮೊದಲು, ಕಾಲೇಜು ಆಮೇಲೆ. ಎಳೆತ ಯಾವ ಕಡೆಯೂ ಇಲ್ಲ, ಒಟ್ಟಿನಲ್ಲಿ ಒಂದು ಕೆಲಸ ಬೇಕು ಅಂದರೆ ಕಾಲೇಜು ಮೊದಲು. ಒಳ್ಳೇ ಕಾಲೇಜಿಗೆ ಬರುವ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಹಳಷ್ಟು ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್‌ನವರನ್ನೂ ಕೂರಿಸುತ್ತವೆ. ಸಿಜಿಪಿಎ ಇರಬೇಕು, ಬ್ಯಾಕ್‌ಲಾಗ್ (ಫೇಲಾಗಿ ಉಳಿದ ವಿಷಯ) ಇರಬಾರದು, ಕೋಡಿಂಗ್ ತಾನೇ ಕಲಿತಿರಬೇಕು. ಚಿಪ್ ವಿನ್ಯಾಸದ ಕಂಪನಿಗಳು ಮಾತ್ರ ಕಂಪ್ಯೂಟರ್‌ನವರಿಗಿಂತ ಎಲೆಕ್ಟ್ರಾನಿಕ್ಸ್‌ನವರನ್ನೇ ಹುಡುಕುತ್ತವೆ, ಮತ್ತು ಆ ಕಂಪನಿಗಳು ಬೆಂಗಳೂರಲ್ಲೇ ಬೇಕಾದಷ್ಟಿವೆ. ಸಿವಿಲ್, ಮೆಕ್ಯಾನಿಕಲ್‌ಗೆ ಈ ಮಾತು ಇಷ್ಟೇ ಧೈರ್ಯವಾಗಿ ಹೇಳಲಾರೆ. ಅಲ್ಲಿ ಇಷ್ಟ ಇದ್ದರೆ ಮಾತ್ರ ಹೋಗಬೇಕು.

ಕಂಪ್ಯೂಟರ್ ಸೈನ್ಸಿನ ತಮ್ಮ ತಂಗಿಯರ ವಿಷಯ. ಇನ್ಫರ್ಮೇಷನ್ ಸೈನ್ಸ್, ಎಐ ಅಂಡ್ ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಹೀಗೆ ಹೆಸರುಗಳ ಜಾತ್ರೆ. ಕಾಲೇಜಿನ ವೆಬ್‌ಸೈಟಿನಲ್ಲಿ ಮೂರನೇ ಸೆಮ್‌ನಿಂದ ಆರನೇ ಸೆಮ್‌ವರೆಗಿನ ವಿಷಯಗಳ ಪಟ್ಟಿ ಇಳಿಸಿಕೊಂಡು ಅಕ್ಕಪಕ್ಕ ಇಡಿ. ನಾವು ಹಾಗೆ ಇಟ್ಟ ಒಂದು ಜೋಡಿಯಲ್ಲಿ ಬೇರೆ ಇದ್ದದ್ದು ನಾಲ್ಕೋ ಐದೋ ವಿಷಯ. ಅದಕ್ಕಾಗಿ ಕಾಲೇಜು ಬಿಟ್ಟುಕೊಡಬೇಡಿ, ಅದಕ್ಕಾಗಿ ಹೆದರಲೂಬೇಡಿ.

ಮೊದಲ ವರ್ಷ ಆದ ಮೇಲೆ ಬ್ರಾಂಚ್ ಬದಲಿಸಿದರಾಯಿತು ಅನ್ನುವ ಮಾತು ಮಾತ್ರ ನಂಬಿಕೊಂಡು ಕೂರಬೇಡಿ. ಖಾಲಿ ಸೀಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಂಪ್ಯೂಟರ್‌ನಲ್ಲಿ ಖಾಲಿ ಬೀಳುವುದು ಅಪರೂಪ.

ಪ್ಲೇಸ್‌ಮೆಂಟ್ ಬೋರ್ಡಿನ ಮುಂದೆ

ಒಂದು ಕಾಲೇಜಿಗೆ ಹೋಗಿದ್ದೆವು. ಹೆಸರು ಬೇಡ. ಗೇಟಿನಲ್ಲೇ ಆಳೆತ್ತರದ ಫ್ಲೆಕ್ಸು. ಅತಿ ಹೆಚ್ಚು ಪ್ಯಾಕೇಜು ಪಡೆದ ಹುಡುಗಿಯ ಫೋಟೊ, ಪಕ್ಕದಲ್ಲಿ ಅಂಕಿ. ಒಳಗೆ ಪ್ರವೇಶ ವಿಭಾಗದವರು ನಿಂಬೆ ಪಾನಕ ಕೊಟ್ಟರು. "ಸಾರ್, ಮೀಡಿಯನ್ ಎಷ್ಟು?" ಅಂದೆ. ಎಲ್ಲರ ಸಂಬಳವನ್ನೂ ಸಾಲಾಗಿ ಇಟ್ಟರೆ ಸರಿಯಾಗಿ ನಡುವೆ ಬರುವ ಅಂಕಿ ಅದು. "ಎಲ್ಲ ಚೆನ್ನಾಗೇ ಇದೆ ಸಾರ್" ಅಂದರು. ಇನ್ನೊಂದು ಸಲ ಕೇಳಿದೆ. ಇನ್ನೊಂದು ಲೋಟ ಪಾನಕ ಬಂತು.

ಅವರನ್ನು ಕೇಳುವ ಅಗತ್ಯವೇ ಇಲ್ಲ ಅಂತ ಆಮೇಲೆ ಹೊಳೆಯಿತು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜು ತಾನು ಕೊಟ್ಟ ಮಾಹಿತಿಯನ್ನು ತನ್ನ ವೆಬ್‌ಸೈಟಿನಲ್ಲೂ ಹಾಕಬೇಕು. ಆ ಪಿಡಿಎಫ್‌ನಲ್ಲಿ ಒಂದು ಕೋಷ್ಟಕ ಇರುತ್ತದೆ. ಎಷ್ಟು ಜನ ಸೇರಿದರು, ಅವರಲ್ಲಿ ಎಷ್ಟು ಜನ ಸರಿಯಾಗಿ ನಾಲ್ಕು ವರ್ಷದಲ್ಲಿ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು. ರ‍್ಯಾಂಕು ಎಷ್ಟನೆಯದು ಅನ್ನುವುದಕ್ಕಿಂತ ಈ ಐದು ಅಂಕಿ ನನಗೆ ಮುಖ್ಯ. ಅದರಲ್ಲೂ ಸೇರಿದವರಿಗೂ ಸಮಯಕ್ಕೆ ಪಾಸಾದವರಿಗೂ ಇರುವ ಅಂತರ. ಎಲ್ಲ ಬ್ರಾಂಚೂ ಸೇರಿಸಿದ ಲೆಕ್ಕ ಇದು. ನಿಮ್ಮ ಬ್ರಾಂಚಿನದನ್ನು ಮಾತ್ರ ಸೀನಿಯರ್‌ಗಳ ಹತ್ತಿರವೇ ಕೇಳಬೇಕು.

ಹಾಗೆ ಕೇಳುವಾಗ "ಎಷ್ಟು ಆಫರ್ ಬಂತು" ಅಂತ ಕೇಳಬೇಡಿ. ಒಬ್ಬನಿಗೇ ಮೂರು ಆಫರ್ ಬಂದರೆ ಅದು ಮೂರು ಅಂತ ಎಣಿಕೆಯಾಗುತ್ತದೆ. "ನಿಮ್ಮ ಕ್ಲಾಸಿನ ಅರವತ್ತರಲ್ಲಿ ಎಷ್ಟು ಜನಕ್ಕೆ ಇನ್ನೂ ಏನೂ ಆಗಿಲ್ಲ?" ಅಂತ ಕೇಳಿ. ಏಳನೇ ಸೆಮ್‌ನವರು ಸರಿಯಾಗಿ ಹೇಳುತ್ತಾರೆ.

ಹೋಗಿ ನೋಡಿದರೆ

ಶನಿವಾರ ಹೋಗಬೇಡಿ, ಕ್ಲಾಸು ಇರುವ ದಿನ ಹೋಗಿ. ಪ್ರವೇಶ ವಿಭಾಗದವರು ತೋರಿಸುವ ಆಡಿಟೋರಿಯಂ ಬಿಟ್ಟು, ನಿಮ್ಮ ಬ್ರಾಂಚಿನ ಲ್ಯಾಬಿಗೆ ನಡೆಯಿರಿ. ನಾವು ನೋಡಿದ ಒಂದು ಲ್ಯಾಬಿನಲ್ಲಿ ಆಸಿಲೋಸ್ಕೋಪ್‌ಗಳ ಮೇಲೆ ಇನ್ನೂ ಪ್ಲಾಸ್ಟಿಕ್ ಕವರ್ ಇತ್ತು. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂದರು ಭಾವ. ಹುಡುಗಿ ನನ್ನ ಕಡೆ ನೋಡಿದಳು. ಇನ್ನೊಂದು ಕಡೆ ಪ್ರೋಬ್‌ಗಳ ವೈರು ಸುತ್ತಿ ಸುತ್ತಿ ಕಪ್ಪಾಗಿತ್ತು, ಟೇಬಲ್ ಮೇಲೆ ಸೋಲ್ಡರಿಂಗ್‌ನ ಸುಟ್ಟ ಕಲೆ, ಮೂವರು ಹುಡುಗರು ಊಟದ ಹೊತ್ತಲ್ಲೂ ಅಲ್ಲೇ ಬಗ್ಗಿ ಕೂತಿದ್ದರು. ಎರಡನೆಯದಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ನಕ್ಷತ್ರ ಬಿತ್ತು.

ವಿಭಾಗದ ನೋಟಿಸ್ ಬೋರ್ಡು ಓದಿ. ಅಟೆಂಡೆನ್ಸ್ ಕಡಿಮೆಯಾದವರ ಪಟ್ಟಿ ಎಲ್ಲ ಕಡೆಯೂ ಇರುತ್ತದೆ, ಅದು ಬಿಡಿ. ಇಂಟರ್ನ್‌ಷಿಪ್, ಸ್ಪರ್ಧೆ, ಕಾರ್ಯಾಗಾರದ ಚೀಟಿಗಳ ತಾರೀಕು ಯಾವುದು ನೋಡಿ. ಮೇಷ್ಟ್ರುಗಳ ಪಟ್ಟಿ ಕಾಲೇಜಿನ ವೆಬ್‌ಸೈಟಿನಲ್ಲಿ ಇರಲೇಬೇಕು. ಇಪ್ಪತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು ಅನ್ನುವುದು ಎಐಸಿಟಿಇ ಅಳತೆ. ಎಣಿಸಿ. ಸೇರಿದ ವರ್ಷ ಕೊಟ್ಟಿದ್ದರೆ ಅದನ್ನೂ ನೋಡಿ. ಅರ್ಧಕ್ಕರ್ಧ ಜನ ಹೋದ ವರ್ಷವಷ್ಟೇ ಸೇರಿದ್ದರೆ, ಹಳಬರು ಯಾಕೆ ಬಿಟ್ಟರು ಅನ್ನುವ ಪ್ರಶ್ನೆ ಏಳುತ್ತದೆ.

ಕೊನೆಗೆ ಗೇಟಿನ ಹೊರಗಿನ ಟೀ ಅಂಗಡಿ. ಅಲ್ಲಿ ಹತ್ತು ನಿಮಿಷ ನಿಂತರೆ ಪುಸ್ತಕದಲ್ಲಿ ಇಲ್ಲದ್ದೆಲ್ಲ ಸಿಗುತ್ತದೆ.

ದಾರಿ

ಬೆಂಗಳೂರಲ್ಲಿ ಕಿಲೋಮೀಟರ್ ಲೆಕ್ಕ ಹಿಡಿಯುವವರು ಹೊರಗಿನವರು. ನಮಗೆ ಗಂಟೆ ಲೆಕ್ಕ. ಹನುಮಂತನಗರದಿಂದ ಬಿಎಂಎಸ್‌ಗೆ ನಡೆದೇ ಹೋಗಬಹುದು. ಯುವಿಸಿಇಗೆ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿದರೆ ಮುಂದಿನ ಸ್ಟೇಷನ್ನೇ ಸೆಂಟ್ರಲ್ ಕಾಲೇಜು. ಮೈಸೂರು ರಸ್ತೆಯ ಕಾಲೇಜುಗಳಿಗೆ ನೇರಳೆ ಲೈನ್ ಇದೆ. ಹೊಸೂರು ರಸ್ತೆ ಕಡೆ ಹೋಗುವವರಿಗೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಲೈನ್ ಸಿಲ್ಕ್ ಬೋರ್ಡಿನ ಕಾಟ ತಪ್ಪಿಸಿದೆ. ಯಲಹಂಕದಾಚೆಯ ಕಾಲೇಜಿಗೆ ಬಸವನಗುಡಿಯಿಂದ ದಿನಾ ಹೋಗಿಬರುತ್ತೇನೆ ಅನ್ನುವವರು ಒಂದು ಸೋಮವಾರ ಬೆಳಗ್ಗೆ ಎಂಟಕ್ಕೆ ಹೆಬ್ಬಾಳದಲ್ಲಿ ನಿಂತು ನೋಡಿ. ಅಲ್ಲೇ ಪಿಜಿ ಹಿಡಿಯುವುದಾದರೆ ಆ ಖರ್ಚು ಕಾಲೇಜಿನ ಸಾಲಿಗೇ ಸೇರಿಸಿ. ಊಟ, ಬಾಡಿಗೆ ಸೇರಿ ನಾಲ್ಕು ವರ್ಷಕ್ಕೆ ಅದು ಫೀಸಿನ ಜೊತೆ ಪೈಪೋಟಿಗೆ ನಿಲ್ಲುತ್ತದೆ.

ಸಾಲು ಜೋಡಿಸುವ ರಾತ್ರಿ

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಸೀಟುಗಳನ್ನು ಕೆಇಎಗೆ ಒಂದರ ಕೆಳಗೊಂದು ಬರೆದುಕೊಡುವಾಗ, ನಮ್ಮ ಬೀದಿಯವರೊಬ್ಬರು ಮಾಡಿದ ತಪ್ಪು ಹೇಳಲೇಬೇಕು. ಮಗನಿಗೆ ಖಂಡಿತ ಸಿಗುವ ಕಾಲೇಜನ್ನು ಮೊದಲನೆಯದಾಗಿ ಹಾಕಿದರು, ಸೀಟು ತಪ್ಪಬಾರದು ಅಂತ. ಸಿಕ್ಕಿತು. ಎರಡನೆಯದಾಗಿ ಹಾಕಿದ್ದ ಅದಕ್ಕಿಂತ ಒಳ್ಳೆಯದೂ ಅವನ ರ‍್ಯಾಂಕಿಗೆ ಸಿಗುತ್ತಿತ್ತು. ಆದರೆ ಒಂದು ಸೀಟು ಸಿಕ್ಕ ಮೇಲೆ ಅದರ ಕೆಳಗಿನ ಆಪ್ಷನ್‌ಗಳೆಲ್ಲ ಅಳಿಸಿಹೋಗುತ್ತವೆ.

ಆಪ್ಷನ್‌ಗಳನ್ನು ಆಸೆಯ ಕ್ರಮದಲ್ಲಿ ಹಾಕಬೇಕು, ಸಿಗುವ ಕ್ರಮದಲ್ಲಿ ಅಲ್ಲ. ಮೇಲೆ ಕನಸು ಹಾಕಿದರೆ ನಷ್ಟ ಏನೂ ಇಲ್ಲ, ಸಿಗದಿದ್ದರೆ ಕಂಪ್ಯೂಟರು ಕೆಳಗಿನದಕ್ಕೆ ಇಳಿಯುತ್ತದೆ. ಆದರೆ ಸಿಕ್ಕರೂ ಸೇರುವುದಿಲ್ಲ ಅನ್ನುವಂಥದ್ದನ್ನು ಹಾಕಲೇಬೇಡಿ. ಮಾಕ್ ಅಲಾಟ್‌ಮೆಂಟ್, ಅಂದರೆ ಅಣಕು ಹಂಚಿಕೆ, ಬಂದಾಗ ನಾವು ಎಲ್ಲಿ ನಿಂತಿದ್ದೇವೆ ಅಂತ ಗೊತ್ತಾಗುತ್ತದೆ, ಆಗ ಕ್ರಮ ತಿದ್ದಬಹುದು. ಮಾಕ್‌ನಲ್ಲಿ ಸಿಕ್ಕಿದ್ದು ಸೀಟಲ್ಲ, ಊರಿಗೆಲ್ಲ ಸಿಹಿ ಹಂಚಬೇಡಿ.

ಈ ಹೊತ್ತಿಗೆ ಫೋನು ಶುರುವಾಗುತ್ತದೆ. "ಸಾರ್, ಸೀಟು ಬ್ಲಾಕ್ ಮಾಡಿಸಿಕೊಡ್ತೀವಿ, ಇವತ್ತೇ ಕೊನೇ ದಿನ." ನಂಬರು ಎಲ್ಲಿಂದ ಸಿಗುತ್ತದೋ ದೇವರೇ ಬಲ್ಲ. ಇಂಥವರ ಕೈಗೆ ದುಡ್ಡೂ ಕೊಡಬಾರದು, ಅಂಕಪಟ್ಟಿಯ ಅಸಲಿಯನ್ನಂತೂ ಕೊಡಲೇಬಾರದು. ಅಸಲಿ ಅವರ ಬೀರುವಿನಲ್ಲಿ ಕೂತರೆ ನೀವು ಬೇರೆ ಕಡೆ ಸೇರುವ ಹಾಗಿಲ್ಲ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆ ಬರುತ್ತದೆ. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಸಿಕ್ಕಿದ್ದನ್ನು ಹಿಡಿದುಕೊಂಡು, ಕಟ್ಟಬೇಕಾದ್ದು ಕಟ್ಟಿ, ಮೇಲಿನದಕ್ಕೆ ಕಾಯುವುದು. ಮೂರನೆಯದು ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು. ನಾಲ್ಕನೆಯದು ಆಟದಿಂದಲೇ ಹೊರಗೆ ಹೋಗುವುದು. ಮೂರನೆಯದನ್ನು ಒತ್ತುವ ಮೊದಲು ಮೂರು ಸಲ ಯೋಚಿಸಿ, ಕೈಯಲ್ಲಿದ್ದದ್ದು ಹೋಗುತ್ತದೆ. ಎರಡನೆಯದು ಒತ್ತಿದರೆ ಮೇಲಿನದು ಸಿಕ್ಕ ಕೂಡಲೇ ಹಳೆಯದು ತಾನಾಗೇ ಹೋಗುತ್ತದೆ, ಆಮೇಲೆ ಹಳೆಯದೇ ಬೇಕಿತ್ತು ಅಂದರೆ ನಡೆಯುವುದಿಲ್ಲ. ನಿಯಮ ಸಣ್ಣಪುಟ್ಟ ಬದಲಾಗುತ್ತಿರುತ್ತದೆ, ಆಯಾ ವರ್ಷದ ಕೈಪಿಡಿ ಓದಿಕೊಳ್ಳಿ.

ನಮ್ಮ ಹುಡುಗಿಯ ಪಟ್ಟಿಯಲ್ಲಿ ಮೊದಲು ಆರ್‌ವಿಯ ಎಲೆಕ್ಟ್ರಾನಿಕ್ಸ್, ಆಮೇಲೆ ಬಿಎಂಎಸ್‌ನ ಎಲೆಕ್ಟ್ರಾನಿಕ್ಸ್, ಮೂರನೆಯದು ಯುವಿಸಿಇ ಎಲೆಕ್ಟ್ರಾನಿಕ್ಸ್, ನಾಲ್ಕನೆಯದು ಬಿಎಂಎಸ್ ಎಲೆಕ್ಟ್ರಿಕಲ್. ಅಕ್ಕನ ಸಮಾಧಾನಕ್ಕೆ ಕೆಳಗೆ ಮೂರು ಕಂಪ್ಯೂಟರ್ ಸಾಲು. ಮೊದಲ ಸುತ್ತಿನಲ್ಲಿ ನಾಲ್ಕನೆಯದು ಬಂತು. ಎರಡನೇ ಆಯ್ಕೆ ಒತ್ತಿ ದುಡ್ಡು ಕಟ್ಟಿದೆವು. ಎರಡನೇ ಸುತ್ತಿನಲ್ಲಿ ಯುವಿಸಿಇ ಬಂತು. ತಿಪಟೂರಿಗೆ ಫೋನ್ ಮಾಡಿ ಹೇಳಿದೆ. ಭಾವ ಮೊದಲು ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಅಲ್ಲಿ ಕಟ್ಟಿದ ದುಡ್ಡು?"

ಕಟ್ಟಿದ್ದು ಕೆಇಎಗೆ ಅಲ್ವಾ, ಹೊಸ ಸೀಟಿನ ಲೆಕ್ಕಕ್ಕೆ ಬರುತ್ತದೆ, ಜಾಸ್ತಿ ಇದ್ದರೆ ವಾಪಸ್ ಬರುತ್ತದೆ ಅಂತ ಹೇಳಿದೆ. ಫೋನಿನ ಆಚೆ ಪೆನ್ಸಿಲ್ ಹುಡುಕುವ ಸದ್ದು ಕೇಳಿಸಿತು.